ಪುಟ್ಟ ಹೊಟ್ಟೆಗೆ ಐದು ಹೊತ್ತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳ ಬಡ ಕೇರಿಗಳಲ್ಲಿ ಮಕ್ಕಳ ಕೆಲಸಕ್ಕೆ ಹೊಸದಾಗಿ ಇಳಿದವರಿಗಾಗಿ ಈ ಬರಹ. ನೀವು ಈಗಷ್ಟೇ ನೇಮಕಗೊಂಡ ಅಂಗನವಾಡಿ ಟೀಚರ್ ಇರಬಹುದು, ಆಶಾ ಕಾರ್ಯಕರ್ತೆ ಇರಬಹುದು, ನರ್ಸಿಂಗ್ ಓದುತ್ತಾ ಬಡಾವಣೆಗೆ ಬರುವ ವಿದ್ಯಾರ್ಥಿನಿ ಇರಬಹುದು, ಸ್ತ್ರೀಶಕ್ತಿ ಸಂಘದ ಸದಸ್ಯೆಯೂ ಇರಬಹುದು. ಪೌಷ್ಟಿಕತೆಯ ಪಾಠ ಎಂದರೆ ಕ್ಯಾಲೊರಿ, ಪ್ರೋಟೀನು, ಕೋಷ್ಟಕ ಎಂದು ಗಾಬರಿಯಾಗಬೇಡಿ. ಅವೆಲ್ಲ ಬೇಕು, ಆದರೆ ಆಮೇಲೆ. ಮೊದಲು ಕಲಿಯಬೇಕಾದ ಪ್ರಶ್ನೆ ಒಂದೇ: ಈ ಮಗುವಿಗೆ ಯಾರು ಉಣ್ಣಿಸುತ್ತಾರೆ, ದಿನಕ್ಕೆ ಎಷ್ಟು ಸಲ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮನೆಯಲ್ಲಿ ಅರ್ಧ ಕೆಲಸ ಆದಂತೆ.

ನಾಲ್ಕು ಊರು, ಒಂದೇ ಪಾಡು

2011ರ ಜನಗಣತಿಯಂತೆ ಕೋಲಾರ ನಗರದಲ್ಲಿ ಸುಮಾರು 1.38 ಲಕ್ಷ ಜನ, ಮುಳಬಾಗಿಲಿನಲ್ಲಿ 57 ಸಾವಿರ, ಮಾಲೂರಿನಲ್ಲಿ 40 ಸಾವಿರ. ಶ್ರೀನಿವಾಸಪುರ ಇವುಗಳಲ್ಲಿ ಚಿಕ್ಕದು. ಈ ಸೀಮೆಗೆ ಆಹಾರದ ಬರ ಇಲ್ಲ. ಕೋಲಾರದ ಟೊಮ್ಯಾಟೊ ಮಂಡಿ ದೇಶಕ್ಕೇ ಹೆಸರಾದದ್ದು. ಶ್ರೀನಿವಾಸಪುರದ ಮಾವು ಊರೂರಿಗೆ ಹೋಗುತ್ತದೆ. ಹಾಲು ಕರೆಯದ ಹಳ್ಳಿ ಇಲ್ಲ, ರಾಗಿ ಬೆಳೆಯದ ಹೋಬಳಿ ಇಲ್ಲ. ಹೀಗಿದ್ದೂ ಪಟ್ಟಣದ ಕೇರಿಗಳಲ್ಲಿ ಮಕ್ಕಳು ಸೊರಗುತ್ತವೆ.

ಕಾರಣ ತಿಳಿಯಬೇಕಾದರೆ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಶೀಟು ಹೊದಿಸಿದ ಒಂದೇ ಕೋಣೆ, ಬಾಡಿಗೆ ಮನೆ. ಗಂಡ ಇಟ್ಟಿಗೆ ಗೂಡಿಗೋ ಗಾರೆ ಕೆಲಸಕ್ಕೋ ಹೋಗುತ್ತಾನೆ. ಹೆಂಡತಿ ಮಂಡಿಯಲ್ಲಿ ಟೊಮ್ಯಾಟೊ ಆರಿಸಲು ಹೋಗುತ್ತಾಳೆ, ಇಲ್ಲವೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಯ ಬಸ್ಸು ಹಿಡಿಯುತ್ತಾಳೆ, ಇಲ್ಲವೇ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ. ಹಳ್ಳಿಯಲ್ಲಿದ್ದರೆ ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಇಲ್ಲಿ ಅಜ್ಜಿ ಇಲ್ಲ. ಹದಿನಾಲ್ಕು ತಿಂಗಳ ಕೂಸು ಎಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ. ಬೆಳಿಗ್ಗೆ ಟೀಯಲ್ಲಿ ಅದ್ದಿದ ಬನ್ನು, ಹತ್ತು ಗಂಟೆಗೆ ಅತ್ತಾಗ ಐದು ರೂಪಾಯಿಯ ಕುರುಕಲು ಪೊಟ್ಟಣ, ಮಧ್ಯಾಹ್ನ ದೊಡ್ಡವರ ತಟ್ಟೆಯಿಂದ ಸಾರು ಕಲಸಿದ ಎರಡು ತುತ್ತು ಅನ್ನ, ರಾತ್ರಿ ಅಮ್ಮ ಬಂದು ಒಲೆ ಹಚ್ಚುವಷ್ಟರಲ್ಲಿ ಮಗುವಿಗೆ ನಿದ್ದೆ. ಮನೆಯ ಡಬ್ಬಿಯಲ್ಲಿ ಅಕ್ಕಿಯೂ ಇದೆ, ರಾಗಿಯೂ ಇದೆ. ಮಗುವಿನ ಹೊಟ್ಟೆಗೆ ಮಾತ್ರ ಹೋಗಿಲ್ಲ.

ಈ ತಾಯಿಯನ್ನು ದೂರಬೇಡಿ. ಅವಳು ಕೂಲಿ ಬಿಟ್ಟರೆ ಆ ಡಬ್ಬಿಯೂ ಖಾಲಿ. ಅವಳಿಗೆ ಇಲ್ಲದಿರುವುದು ಹೊತ್ತು. ನಮ್ಮ ಸಲಹೆ ಏನೇ ಇರಲಿ, ಅದು ಅವಳ ಹೊತ್ತಿಗೆ ಹೊಂದಿಕೊಳ್ಳಬೇಕು.

ಮೊದಲ ಎರಡು ವರ್ಷಕ್ಕೇಕೆ ಇಷ್ಟು ಒತ್ತು

ಗರ್ಭದ ಒಂಬತ್ತು ತಿಂಗಳು ಮತ್ತು ಹುಟ್ಟಿದ ಮೇಲಿನ ಎರಡು ವರ್ಷ ಸೇರಿದರೆ ಹತ್ತಿರಹತ್ತಿರ ಸಾವಿರ ದಿನ. ಸರಿಯಾಗಿ ಬೆಳೆಯುವ ಮಗುವಿನ ತೂಕ ಐದು ತಿಂಗಳಿಗೆ ಹುಟ್ಟುತೂಕದ ಎರಡು ಪಟ್ಟು, ಒಂದು ವರ್ಷಕ್ಕೆ ಮೂರು ಪಟ್ಟು ಆಗುತ್ತದೆ. ಮಿದುಳಿನ ಬಹುಪಾಲು ಬೆಳವಣಿಗೆಯೂ ಇದೇ ಅವಧಿಯಲ್ಲಿ. ಟೊಮ್ಯಾಟೊ ಬೆಳೆದವರನ್ನು ಕೇಳಿ, ನರ್ಸರಿ ಟ್ರೇಯಲ್ಲೇ ಬಾಡಿದ ಸಸಿಗೆ ಹೊಲಕ್ಕೆ ಹೋದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಫಸಲು ಪೂರ್ತಿ ಬರುವುದಿಲ್ಲ ಎನ್ನುತ್ತಾರೆ. ಮಕ್ಕಳ ವಿಷಯವೂ ಹೆಚ್ಚುಕಡಿಮೆ ಹಾಗೆಯೇ.

ಅದರಲ್ಲೂ ಆರು ತಿಂಗಳಿಂದ ಎರಡು ವರ್ಷದ ನಡುವಿನ ಕಾಲ ತುಂಬ ನಾಜೂಕು. ಅಲ್ಲಿಯವರೆಗೆ ಎದೆಹಾಲೇ ಸಾಕಿತ್ತು, ಈಗ ಸಾಲದು. ಮೂರು ವರ್ಷ ದಾಟಿದ ಮಕ್ಕಳು ಅಂಗನವಾಡಿಗೆ ಬಂದು ಬಿಸಿಯೂಟ ಮಾಡುತ್ತವೆ, ನಮ್ಮ ಕಣ್ಣಿಗೆ ಬೀಳುತ್ತವೆ. ಪೆಟ್ಟು ಬೀಳುವುದು ಅದಕ್ಕೂ ಮೊದಲು, ಮಗು ಮನೆಯೊಳಗೇ ಇರುವಾಗ. ಆದ್ದರಿಂದ ಕೇಂದ್ರದಲ್ಲಿ ಕೂತು ಕಾಯುವ ಕೆಲಸ ಇದಲ್ಲ, ಮನೆಬಾಗಿಲಿಗೆ ಹೋಗುವ ಕೆಲಸ.

2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಶೇ. 19.5ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಇರಲಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಅಂದರೆ ನೀವು ಕಾಣುವ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತ ಕಡಿಮೆ ಇರಬಹುದು ಎಂಬ ಎಚ್ಚರದಲ್ಲೇ ಕೆಲಸ ಮಾಡಬೇಕು.

ಕಣ್ಣಳತೆ ಸಾಲದು

"ನಮ್ಮ ಮನೆತನವೇ ಕುಳ್ಳು", "ದೃಷ್ಟಿ ತಾಗಿದೆ", "ಮಗು ಚಟುವಟಿಕೆಯಾಗಿದೆಯಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ವಾದ ಮಾಡಬೇಡಿ, ಅಳೆದು ತೋರಿಸಿ. ನಿಮಗೆ ಬೇಕಾದ ಸಾಧನ ಮೂರು.

ಮೊದಲನೆಯದು ತೂಕ ಮತ್ತು ಬೆಳವಣಿಗೆ ಪಟ್ಟಿ. ಪ್ರತಿ ತಿಂಗಳ ತೂಕವನ್ನು ಚುಕ್ಕೆ ಇಟ್ಟು ಗೆರೆ ಎಳೆಯುತ್ತೀರಿ. ಗೆರೆ ಯಾವ ಬಣ್ಣದಲ್ಲಿದೆ ಎಂಬುದರ ಜೊತೆಗೆ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನೂ ನೋಡಿ. ಹಸಿರು ಪಟ್ಟಿಯಲ್ಲೇ ಇದ್ದರೂ ಎರಡು ತಿಂಗಳಿಂದ ಗೆರೆ ಮೇಲಕ್ಕೆ ಏರದೆ ಅಡ್ಡ ಮಲಗಿದ್ದರೆ ಆ ಮನೆಗೆ ಅದೇ ವಾರ ಹೋಗಬೇಕು. ಹಳದಿಗೆ ಇಳಿಯುವವರೆಗೆ ಕಾಯಬಾರದು.

ಎರಡನೆಯದು ತೋಳಿನ ಸುತ್ತಳತೆಯ ಪಟ್ಟಿ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ ಇದು ಸಾಕಷ್ಟು ನಂಬಬಹುದಾದ ಅಳತೆ. ಮಗುವಿನ ಎಡಗೈ ಮಡಿಸಿ, ಭುಜದ ತುದಿಯ ಮೂಳೆಗೂ ಮೊಣಕೈಗೂ ನಡುಮಧ್ಯದಲ್ಲಿ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈ ಇಳಿಬಿಟ್ಟು ಆ ಗುರುತಿನ ಮೇಲೆ ಪಟ್ಟಿ ಸುತ್ತಿ. ಚರ್ಮ ಸುಕ್ಕಾಗುವಷ್ಟು ಬಿಗಿಯಬೇಡಿ, ಬೆರಳು ತೂರುವಷ್ಟು ಸಡಿಲವೂ ಬೇಡ. 12.5 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು. 11.5ರಿಂದ 12.5ರೊಳಗೆ ಇದ್ದರೆ ಹಳದಿ, ಸಾಧಾರಣ ಅಪೌಷ್ಟಿಕತೆ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಕಚೇರಿಯ ಮಾತಿನಲ್ಲಿ 'ಮ್ಯಾಮ್' ಮತ್ತು 'ಸ್ಯಾಮ್' ಎಂದು ಕೇಳುವುದು ಇದನ್ನೇ. ಅಳೆಯುವಾಗ ಮಗು ತಾಯಿಯ ಮಡಿಲಲ್ಲಿರಲಿ, ಪಟ್ಟಿಯ ಬಣ್ಣವನ್ನು ಅವಳೇ ಓದಲಿ. ನೀವು ಹೇಳಿದ್ದಕ್ಕಿಂತ ಅವಳು ಕಂಡದ್ದು ಮನಸ್ಸಿಗೆ ಬೇಗ ಇಳಿಯುತ್ತದೆ.

ಮೂರನೆಯದು ನಿಮ್ಮ ಹೆಬ್ಬೆರಳು. ಮಗುವಿನ ಎರಡೂ ಪಾದಗಳ ಮೇಲ್ಭಾಗವನ್ನು ಕೆಲ ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೆಯೇ ಉಳಿದರೆ ನೀರು ತುಂಬಿದೆ ಎಂದರ್ಥ. ಇಂಥ ಮಗು ನೋಡಲು ದುಂಡಗಿರಬಹುದು, ಆದರೆ ಅದು ತೀವ್ರ ಅಪೌಷ್ಟಿಕತೆಯೇ. ತಡ ಮಾಡದೆ ಆಸ್ಪತ್ರೆಗೆ ಕಳುಹಿಸಿ.

ಎಷ್ಟು, ಎಷ್ಟು ಸಲ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ಜೇನೂ ಬೇಡ. ಆರು ತುಂಬಿದೊಡನೆ ಮೆತ್ತಗಿನ ಊಟ ಶುರು. ಎರಡು ವರ್ಷದವರೆಗೆ, ಸಾಧ್ಯವಾದರೆ ಅದಕ್ಕೂ ಮೇಲೆ, ಎದೆಹಾಲು ಮುಂದುವರಿಯಲಿ. ಇಷ್ಟು ಎಲ್ಲರೂ ಹೇಳುತ್ತಾರೆ. ಕಷ್ಟ ಬರುವುದು ಅಳತೆಯಲ್ಲಿ.

ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ದೊಡ್ಡವರಂತೆ ಎರಡು ಹೊತ್ತು ಉಂಡರೆ ಆ ಪುಟ್ಟ ಹೊಟ್ಟೆಗೆ ಸಾಲುವುದೇ ಇಲ್ಲ. ಒಂದು ವರ್ಷ ದಾಟಿದ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದಲೇ ದಿನಕ್ಕೆ ಸುಮಾರು 550 ಕಿಲೊಕ್ಯಾಲೊರಿ ಸಿಗಬೇಕು. ಹಾಗಾಗಿ ಲೆಕ್ಕ ಹೀಗಿಟ್ಟುಕೊಳ್ಳಿ. ಆರನೇ ತಿಂಗಳು ತುಂಬಿದಾಗ ಎರಡು ಮೂರು ಚಮಚದಿಂದ ಶುರು, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ಮೂರು ನಾಲ್ಕು ಸಲ. ಒಂದು ವರ್ಷದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮೂರು ಊಟ ಮತ್ತು ನಡುವೆ ಎರಡು ಸಲ ಬಾಳೆಹಣ್ಣೋ ಮೊಟ್ಟೆಯೋ ಹುರಿಹಿಟ್ಟಿನ ಉಂಡೆಯೋ. ಒಟ್ಟು ಐದು ಹೊತ್ತು. ಮಗುವಿಗೆ ತನ್ನದೇ ಬಟ್ಟಲು ಇರಲಿ. ದೊಡ್ಡವರ ತಟ್ಟೆಯಲ್ಲಿ ಹಂಚಿಕೊಂಡು ಉಂಡ ಮಗು ಎಷ್ಟು ಉಂಡಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಬಗೆಯೂ ಮುಖ್ಯ. ಧಾನ್ಯ, ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮಾಂಸ ಮೀನು, ಹಳದಿ ಬಣ್ಣದ ಹಣ್ಣು ತರಕಾರಿ ಮತ್ತು ಸೊಪ್ಪು, ಬೇರೆ ಹಣ್ಣು ತರಕಾರಿ, ಇವುಗಳ ಜೊತೆಗೆ ಎದೆಹಾಲು. ಈ ಎಂಟು ಗುಂಪಿನಲ್ಲಿ ದಿನಕ್ಕೆ ಕನಿಷ್ಠ ಐದಾದರೂ ಮಗುವಿನ ಬಾಯಿಗೆ ಬೀಳಬೇಕು. ಕೋಲಾರದ ಅಡುಗೆಮನೆಗೆ ಇದು ಹೊಸದಲ್ಲ. ಮಸೊಪ್ಪು ಮಾಡಿದ ದಿನ ಖಾರ ಹಾಕುವ ಮೊದಲೇ ಬೆಂದ ಬೇಳೆ ಸೊಪ್ಪನ್ನು ಒಂದು ಸೌಟು ತೆಗೆದಿಟ್ಟು, ಮೆತ್ತಗಿನ ಮುದ್ದೆಯ ಜೊತೆ ಹಿಸುಕಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಸೇರಿಸಿದರೆ ಆಯಿತು. ಆ ಒಂದು ಚಮಚ ಎಣ್ಣೆಯಿಂದಲೇ ಸುಮಾರು 45 ಕ್ಯಾಲೊರಿ ಬರುತ್ತದೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಬೇಸಿಗೆಯಲ್ಲಿ ಮಾವಿನ ತಿರುಳು. ಮಗುವಿಗೆಂದು ಬೇರೆ ಅಡುಗೆ ಬೇಕಿಲ್ಲ, ಮನೆಯ ಅಡುಗೆಯಲ್ಲಿ ಮಗುವಿನ ಪಾಲು ಮೊದಲು ಎತ್ತಿಟ್ಟರೆ ಸಾಕು.

ರಾಗಿ ಸರಿಯ ಪಾಠ

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಕ್ಕಿ, ಗೋಧಿ ಯಾವುದೂ ಇದರ ಹತ್ತಿರ ಬರುವುದಿಲ್ಲ. ಆದರೂ ರಾಗಿ ಸರಿ ತಿಂದ ಮಗು ಸೊರಗುವುದುಂಟು, ಏಕೆಂದರೆ ಸರಿ ನೀರುನೀರಾಗಿರುತ್ತದೆ. ಗಟ್ಟಿಯಾದರೆ ಮಗು ನುಂಗುವುದಿಲ್ಲ ಎಂದು ತಾಯಂದಿರು ನೀರು ಹೆಚ್ಚು ಹಾಕುತ್ತಾರೆ. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ.

ಇದಕ್ಕೆ ಮೊಳಕೆಯಲ್ಲಿ ಉಪಾಯವಿದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಹಿಟ್ಟು ಮಾಡಿಸಬೇಕು. ಮೊಳೆಯುವಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಮೇಲೆ, ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರು ಇಂಥ ಕಿಣ್ವಭರಿತ ಹಿಟ್ಟಿನ ಮೇಲೆ ಸಂಶೋಧನೆ ಮಾಡಿದ್ದಾರೆ.

ತಾಯಂದಿರ ಸಭೆಯಲ್ಲಿ ಇದನ್ನು ಮಾಡಿಯೇ ತೋರಿಸಿ. ಒಂದು ಪಾತ್ರೆಯಲ್ಲಿ ಸಾಮಾನ್ಯ ರಾಗಿ ಹಿಟ್ಟಿನ ಗಟ್ಟಿ ಸರಿ ಬೇಯಿಸಿ ಇಳಿಸಿ. ಸೌಟು ನಿಲ್ಲಿಸಿದರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇರಲಿ. ಕುದಿ ನಿಂತು ಹಬೆ ಸ್ವಲ್ಪ ಇಳಿದ ಮೇಲೆ ಅರ್ಧ ಚಮಚ ಮೊಳಕೆ ರಾಗಿ ಹಿಟ್ಟು ಉದುರಿಸಿ ಕಲಕಿ. ಕೆಲವೇ ನಿಮಿಷದಲ್ಲಿ ಸೌಟು ವಾಲುತ್ತದೆ, ಸರಿ ತೆಳ್ಳಗಾಗಿ ಹರಿಯುತ್ತದೆ. ಒಂದು ತೊಟ್ಟು ನೀರು ಹಾಕಿಲ್ಲ, ಹಾಕಿದ ಹಿಟ್ಟು ಅಷ್ಟೂ ಬಟ್ಟಲಿನಲ್ಲೇ ಇದೆ. ಮತ್ತೊಮ್ಮೆ ಕುದಿಸಿ, ಬೆಲ್ಲ, ಹಾಲು ಸೇರಿಸಿ ಉಣ್ಣಿಸಿ. ನಾಲ್ಕು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆಯೋ ಹುರಿಗಡಲೆಯೋ ಸೇರಿದರೆ ಪ್ರೋಟೀನಿನ ಕೊರತೆಯೂ ನೀಗುತ್ತದೆ. ಕಡಲೆಕಾಯಿ ಬೀಜವನ್ನು ಪುಡಿ ಮಾಡಿಯೇ ಹಾಕಿ, ಇಡೀ ಬೀಜ ಗಂಟಲಿಗೆ ಸಿಕ್ಕೀತು.

ಹಗಲಿನಲ್ಲಿ ಉಣ್ಣಿಸುವವರು ಯಾರು

ಇಷ್ಟೆಲ್ಲ ಗೊತ್ತಿದ್ದೂ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ತಾಯಿ ಮನೆಯಲ್ಲಿ ಇಲ್ಲದಿದ್ದರೆ ಏನು ಮಾಡುವುದು? ಇಲ್ಲಿ ನೀವು ಮನೆಮನೆಗೆ ಬೇರೆ ಉತ್ತರ ಹುಡುಕಬೇಕು.

ಕೆಲಸಕ್ಕೆ ಹೊರಡುವ ಮೊದಲು ಎದೆಹಾಲು ಕುಡಿಸಿ, ಬಂದ ತಕ್ಷಣ ಮತ್ತೆ ಕುಡಿಸಲಿ, ರಾತ್ರಿಯಂತೂ ಮಗು ಕೇಳಿದಾಗಲೆಲ್ಲ. ಬೆಳಿಗ್ಗೆಯ ಊಟವನ್ನು ಅವಳೇ ಉಣ್ಣಿಸಿ ಹೋಗುವಂತಾದರೆ ಐದರಲ್ಲಿ ಒಂದು ಹೊತ್ತು ಗಟ್ಟಿಯಾಯಿತು. ರಾತ್ರಿ ಅಡುಗೆಗೆ ಕಾಯದೆ, ಬಂದ ಕೂಡಲೇ ಮಗುವಿಗೆ ಏನಾದರೂ ಕೊಟ್ಟರೆ ಇನ್ನೊಂದು ಹೊತ್ತು. ನಡುವಿನ ಮೂರು ಹೊತ್ತಿಗೆ ಹಗಲಲ್ಲಿ ಮನೆಯಲ್ಲಿರುವವರನ್ನೇ ತಯಾರು ಮಾಡಬೇಕು. ಬೆಳಿಗ್ಗೆ ಬೇಯಿಸಿಟ್ಟ ಸರಿ ಮಧ್ಯಾಹ್ನದ ಹೊತ್ತಿಗೆ ಸೆಕೆಗೆ ಕೆಡುತ್ತದೆ. ಹುರಿಹಿಟ್ಟು ಕೆಡುವುದಿಲ್ಲ. ಹುರಿದ ರಾಗಿ, ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲ ಸೇರಿಸಿ ಪುಡಿ ಮಾಡಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ, ಮೊದಲೇ ಕುದಿಸಿ ಆರಿಸಿದ ನೀರಿನಲ್ಲೋ ಹಾಲಿನಲ್ಲೋ ಆಗಾಗ ಕಲಸಿ ಕೊಡಬಹುದು. ಒಲೆ ಹಚ್ಚುವ ಅಗತ್ಯವಿಲ್ಲ. ಕೈ ತೊಳೆದು ಕಲಸಿ ಉಣ್ಣಿಸುವುದನ್ನು ಪಕ್ಕದ ಮನೆಯ ಅಜ್ಜಿಗೂ, ನಾದಿನಿಗೂ, ತಂದೆಗೂ ಕಲಿಸಿ. ತಂದೆಗೆ ಕಲಿಸುವುದನ್ನು ಮರೆಯಬೇಡಿ, ಕೆಲಸವಿಲ್ಲದ ದಿನ ಎಷ್ಟೋ ಗಂಡಸರು ಮನೆಯಲ್ಲೇ ಇರುತ್ತಾರೆ. ಎಂಟು ವರ್ಷದ ಅಕ್ಕನ ಮೇಲೆ ಈ ಹೊರೆ ಹೊರಿಸಬೇಡಿ. ಅವಳ ಜಾಗ ಶಾಲೆ.

ಪಟ್ಟಣಗಳಿಗೆ ನಿಜವಾಗಿ ಬೇಕಿರುವುದು ಕೂಸುಗಳನ್ನು ಹಗಲಿಡೀ ನೋಡಿಕೊಳ್ಳುವ ಶಿಶುವಿಹಾರ. ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರ 'ಕೂಸಿನ ಮನೆ'ಗಳನ್ನು ತೆರೆದಿದೆ. ಮಂಡಿಯ ಬಳಿ, ಇಟ್ಟಿಗೆ ಗೂಡುಗಳ ಬಳಿ, ಕಾರ್ಖಾನೆಗಳಿಗೆ ಹೆಂಗಸರು ಹೋಗುವ ಬಡಾವಣೆಗಳಲ್ಲಿ ಅಂಥ ಮನೆ ಇನ್ನೂ ಹೆಚ್ಚು ಬೇಕು. ವಾರ್ಡು ಸಭೆಗಳಲ್ಲಿ ಇದನ್ನು ಕೇಳುವುದೂ ಪೌಷ್ಟಿಕತೆಯ ಕೆಲಸವೇ.

ಉಂಡದ್ದು ಮೈಗೆ ಹತ್ತಬೇಕಾದರೆ

ತೆರೆದ ಚರಂಡಿ, ದಿನಗಟ್ಟಲೆ ಡ್ರಮ್ಮಿನಲ್ಲಿ ತುಂಬಿಟ್ಟ ನೀರು, ಪದೇಪದೇ ಭೇದಿ. ಹೀಗಿದ್ದರೆ ಉಂಡದ್ದೂ ದಕ್ಕುವುದಿಲ್ಲ. ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟೆಯಿಂದ ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡುವ ಯೋಜನೆ 2023ರಲ್ಲಿ ಉದ್ಘಾಟನೆಯಾಯಿತು. ನೀರು ಎಲ್ಲಿಂದಲೇ ಬರಲಿ, ಮಗುವಿಗೆ ಕುದಿಸಿ ಆರಿಸಿಯೇ ಕೊಡಲಿ. ಭೇದಿ ಶುರುವಾದರೆ ಓಆರ್‌ಎಸ್ ಮತ್ತು ಹದಿನಾಲ್ಕು ದಿನ ಜಿಂಕ್ ಮಾತ್ರೆ. ಊಟ ನಿಲ್ಲಿಸಬಾರದು, ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚು ಉಣ್ಣಿಸಬೇಕು.

ರಕ್ತಹೀನತೆಗೆ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು. ಒಂಬತ್ತು ತಿಂಗಳಿಂದ ಆರು ತಿಂಗಳಿಗೊಮ್ಮೆ ಎ ಜೀವಸತ್ವ. ಒಂದು ವರ್ಷ ದಾಟಿದ ಮೇಲೆ ವರ್ಷಕ್ಕೆರಡು ಸಲ ಜಂತುಹುಳುವಿನ ಔಷಧಿ. ಸೊಪ್ಪಿನ, ರಾಗಿಯ ಕಬ್ಬಿಣ ಮೈಗೆ ಸೇರಲು ಜೊತೆಗೆ ಟೊಮ್ಯಾಟೊ ಅಥವಾ ನಿಂಬೆರಸ ಬೇಕು. ಟೀ ಕುಡಿಸಿದರೆ ಆ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಮಗುವಿನ ಬೆಳಗಿನ ಟೀ ಬಿಡಿಸಿದರೆ ನೀವು ದೊಡ್ಡ ಕೆಲಸ ಮಾಡಿದಂತೆ.

ಕೇಳಿ ಪಡೆಯಬೇಕಾದ ಹಕ್ಕು

ಅಂಗನವಾಡಿಯ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. 2013ರ ಆಹಾರ ಭದ್ರತಾ ಕಾಯ್ದೆಯ ನಂತರ ಆರು ತಿಂಗಳಿಂದ ಆರು ವರ್ಷದ ಪ್ರತಿ ಮಗುವಿಗೂ ಅಂಗನವಾಡಿಯ ಆಹಾರ ಕಾನೂನಿನ ಹಕ್ಕು. ದಿನಕ್ಕೆ 500 ಕಿಲೊಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕು. ತೀವ್ರ ಅಪೌಷ್ಟಿಕತೆ ಇದ್ದರೆ 800 ಕಿಲೊಕ್ಯಾಲೊರಿ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2017ರ ಅಕ್ಟೋಬರ್‌ನಿಂದ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ. ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಕೊಡುವ ಪುಷ್ಟಿ ಪುಡಿ ಮನೆಮಂದಿಗೆಲ್ಲ ಹಂಚಿಹೋಗದೆ ಮಗುವಿನ ಬಟ್ಟಲಿಗೇ ಬೀಳುವಂತೆ ನೋಡಿ.

ವಲಸೆ ಬಂದ ಕುಟುಂಬಗಳು ಹೆಸರು ನೋಂದಾಯಿಸಲು ಹಿಂಜರಿಯುತ್ತವೆ. ಅವರನ್ನು ನೀವೇ ಹುಡುಕಿಕೊಂಡು ಹೋಗಿ. ಕೆಂಪು ಪಟ್ಟಿಯಲ್ಲಿದ್ದು ಜ್ವರ, ಭೇದಿ, ಪಾದದ ಊತ ಇರುವ ಅಥವಾ ಊಟವೇ ಬೇಡವೆನ್ನುವ ಮಗುವನ್ನು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಸಾಮಾನ್ಯವಾಗಿ ಹದಿನಾಲ್ಕು ದಿನ ಇರಬೇಕಾಗುತ್ತದೆ. ತಾಯಿಯ ಕೂಲಿ ನಷ್ಟಕ್ಕೆ ಭತ್ಯೆ ಇದೆ ಎಂಬುದನ್ನು ಮೊದಲೇ ತಿಳಿಸಿ, ಉಳಿದ ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಮಾತಾಡಿ ಹೊಂದಿಸಿ. ಇದನ್ನು ಹೊಂದಿಸದೆ ಬರೀ ಚೀಟಿ ಬರೆದುಕೊಟ್ಟರೆ ಮಗು ಆಸ್ಪತ್ರೆ ತಲುಪುವುದಿಲ್ಲ.

ಮನೆಗೆ ಹೋದಾಗ

ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳ ಮನೆಗಳಲ್ಲಿ ತೆಲುಗು, ಕೋಲಾರದ ಹಲವು ಮೊಹಲ್ಲಾಗಳಲ್ಲಿ ಉರ್ದು. ತಾಯಿಯ ಮಾತಿನಲ್ಲೇ ಮಾತಾಡಿ, ಬಾರದಿದ್ದರೆ ಅದೇ ಬೀದಿಯ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ಯಿರಿ. ಕುಳಿತ ತಕ್ಷಣ ಉಪದೇಶ ಬೇಡ. "ನಿನ್ನೆ ಬೆಳಿಗ್ಗೆಯಿಂದ ಪಾಪು ಏನೇನು ತಿಂತಮ್ಮಾ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಅವಳು ಸರಿಯಾಗಿ ಮಾಡುತ್ತಿರುವ ಒಂದನ್ನಾದರೂ ಗುರುತಿಸಿ ಹೇಳಿ. ಆಮೇಲೆ ಬದಲಿಸಬಹುದಾದ ಒಂದೇ ಒಂದು ಸಂಗತಿಯನ್ನು ಇಬ್ಬರೂ ಸೇರಿ ಆರಿಸಿಕೊಳ್ಳಿ: ಟೀ ಬದಲು ಸರಿ, ಅಥವಾ ಮಗುವಿಗೆ ಬೇರೆ ಬಟ್ಟಲು, ಅಥವಾ ಕುರುಕಲು ಪೊಟ್ಟಣದ ಹಣದಲ್ಲಿ ಬಾಳೆಹಣ್ಣು. ವಾರ ಬಿಟ್ಟು ಮತ್ತೆ ಹೋಗಿ ಕೇಳಿ. ಸಾಧ್ಯವಾದರೆ ಮಗು ಉಣ್ಣುವ ಹೊತ್ತಿಗೇ ಹೋಗಿ. ಉಣ್ಣಿಸುವುದನ್ನು ಕಣ್ಣಾರೆ ನೋಡಿದರೆ ಪ್ರಶ್ನೆಪತ್ರದಲ್ಲಿ ಸಿಗದ್ದು ತಿಳಿಯುತ್ತದೆ.

ಈ ವಾರ ನಿಮ್ಮ ವ್ಯಾಪ್ತಿಯಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಪ್ರತಿ ಹೆಸರಿನ ಮುಂದೆ ಎರಡು ಅಂಕಣ ಇರಲಿ: ತೋಳಿನ ಅಳತೆ ಒಂದು, ಹಗಲಲ್ಲಿ ಉಣ್ಣಿಸುವವರ ಹೆಸರು ಇನ್ನೊಂದು. ಎರಡನೆಯ ಅಂಕಣ ಖಾಲಿ ಉಳಿದ ಮನೆಗೆ ಮೊದಲು ಹೋಗಿ. ನಿಮ್ಮ ಕೆಲಸ ಅಲ್ಲಿಂದಲೇ ಶುರುವಾಗಲಿ.